ಉಚ್ಚಾರಣೆ ತಿದ್ದುವ ಮೊದಲು ಲೈನ್ ತಿದ್ದಿ

ಅಪ್ರೈಸಲ್ ಮೀಟಿಂಗ್. ಗಾಜಿನ ರೂಮಿನಲ್ಲಿ ನಾಲ್ಕು ಜನ ಕೂತಿದ್ವಿ. ಕ್ವಾಲಿಟಿ ಟೀಮಿನವರು ಲ್ಯಾಪ್‌ಟಾಪಿನಲ್ಲಿ ಒಂದು ಕಾಲ್ ರೆಕಾರ್ಡಿಂಗ್ ಹಾಕಿದರು. ಕಸ್ಟಮರ್ ಕೇರಿನ ಕನ್ನಡ ಲೈನಿಗೆ ಬಂದ ಕರೆ ಅದು. ನಮ್ಮ ಹುಡುಗಿಯ ದನಿ: ‘ಸರ್, ನಿಮ್ಮ ರಿಫಂಡ್ ಇನ್ನೂ ಆಗಿ...’ ಅಷ್ಟೇ. ಆಮೇಲೆ ಏನೋ ಎಳೆದ ಹಾಗೆ ಒಂದು ಸದ್ದು. ಆ ಕಡೆಯವರು, ‘ಆಗಿದೆಯಾ? ಅಕೌಂಟಿಗೆ ಬಂದಿಲ್ವಲ್ಲಮ್ಮ!’ ಅಂತ ರೇಗಿದರು. ಇವಳು ಮತ್ತೆ ಹೇಳಿದಳು. ಮತ್ತೆ ಅದೇ ಜಾಗದಲ್ಲಿ ಕಡಿಯಿತು. ಮೂರನೇ ಸಲಕ್ಕೆ ಆ ಮನುಷ್ಯ, ‘ಸರಿಯಾಗಿ ಮಾತಾಡೋಕೆ ಬರೋರನ್ನ ಕೊಡಿ’ ಅಂದು ಫೋನ್ ಇಟ್ಟರು.

ಅವಳ ಹಾಳೆಯ ಮೇಲೆ ಷರಾ ಹೀಗಿತ್ತು: ‘ವಾಕ್ಯದ ಕೊನೆ ನುಂಗುತ್ತಾರೆ. ಹಕಾರ ಬರುವುದಿಲ್ಲ. ವಾಯ್ಸ್ ಅಂಡ್ ಆಕ್ಸೆಂಟ್ ಟ್ರೈನಿಂಗ್ ಅಗತ್ಯ.’ ಮಂಡ್ಯ ಕಡೆಯ ಹುಡುಗಿ. ಬಿಕಾಂ ಮುಗಿಸಿ ಬೆಂಗಳೂರಿಗೆ ಬಂದು, ಪಿಜಿಯಲ್ಲಿದ್ದುಕೊಂಡು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಆ ರೂಮಿನಲ್ಲಿ ನಮ್ಮೆದುರೇ ಕೂತು, ‘ಇಲ್ಲ ಸರ್, ನಾನು ಆಗಿಲ್ಲ ಅಂತಾನೇ ಹೇಳಿದ್ದು’ ಅಂದಳು. ನಾಲ್ಕು ಅಡಿ ದೂರದಲ್ಲಿ ಪ್ರತಿ ಅಕ್ಷರವೂ ಕೇಳಿಸಿತು. ಹೇಳಿದ್ದು, ಹಕಾರದ ಸಮೇತ. ಅದನ್ನು ಯಾರೂ ಗಮನಿಸಲಿಲ್ಲ.

ನಾನು ಅಲ್ಲಿ ಯಾಕಿದ್ದೆ ಅಂದರೆ, ಆ ಆಫೀಸಿನ ಇಂಟರ್‌ನೆಟ್ ಫೋನ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವನು ನಾನೇ. ಮ್ಯಾನೇಜರ್ ನನ್ನ ಕಡೆ ತಿರುಗಿ, ‘ನೆಟ್‌ವರ್ಕ್ ಏನಾದ್ರೂ ಪ್ರಾಬ್ಲಮ್ ಇತ್ತಾ?’ ಅಂತ ಕೇಳಿದರು. ‘ಇಲ್ಲ ಸರ್, ಬೆಳಿಗ್ಗೆ ಸ್ಪೀಡ್ ಟೆಸ್ಟ್ ಮಾಡಿದೀನಿ. ನೂರು ಬರ್ತಾ ಇದೆ’ ಅಂದೆ.

ಆ ಉತ್ತರ ತಪ್ಪು. ಎಷ್ಟು ತಪ್ಪು ಅಂತ ಗೊತ್ತಾಗೋಕೆ ನನಗೆ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಅವಳು ಕೆಲಸ ಬಿಟ್ಟಿದ್ದಳು.

ನಮ್ಮ ಆಫೀಸುಗಳಲ್ಲಿ ಕರೆ ಕಡಿದಾಗ ದೂರೋಕೆ ಎರಡೇ ಜಾಗ ಇವೆ. ಒಂದು, ಮಾತಾಡುವವರ ಬಾಯಿ. ಇನ್ನೊಂದು, ‘ನೆಟ್‌ವರ್ಕ್’ ಅನ್ನೋ ದೇವರು. ಮೊದಲನೆಯದಾದರೆ ನೌಕರರ ಅಂಕ ಕಡಿಮೆ ಮಾಡ್ತಾರೆ. ಎರಡನೆಯದಾದರೆ ಯಾರೂ ಹೊಣೆ ಅಲ್ಲ. ಮಳೆ ಬಂತು, ಕರೆಂಟ್ ಹೋಯ್ತು ಅನ್ನೋ ಲೆಕ್ಕ. ನಾನು ಹೇಳೋದು ಇಷ್ಟೇ: ಬಹುಪಾಲು ಸಲ ತಪ್ಪು ಈ ಎರಡೂ ಕಡೆ ಇರಲ್ಲ. ಅದು ನನ್ನಂಥವರು ಮಾಡದೆ ಬಿಟ್ಟ ಕೆಲಸ. ಅದನ್ನು ಅಳೆಯಬಹುದು, ಸರಿ ಮಾಡಬಹುದು, ಮತ್ತು ಖರ್ಚು ಟ್ರೈನರ್ ಫೀಸಿಗಿಂತ ಕಡಿಮೆ. ಅದು ಮಾಡುವ ತನಕ ಯಾರ ‘ಕಮ್ಯುನಿಕೇಶನ್ ಸ್ಕಿಲ್’ಗೂ ಅಂಕ ಹಾಕುವ ಹಕ್ಕು ಯಾವ ಕಂಪನಿಗೂ ಇಲ್ಲ.

ಮೊದಲು ಆ ‘ನೂರು’ ಅನ್ನೋ ಭ್ರಮೆ ನೋಡೋಣ.

ಒಂದು ಫೋನ್ ಕರೆಗೆ ಎಷ್ಟು ಇಂಟರ್‌ನೆಟ್ ಬೇಕು? ಫೋನಿನ ದನಿಗೆ ಇವತ್ತಿಗೂ ಎಲ್ಲ ಕಡೆ ಓಡುವ ಹಳೇ ಮಾನದಂಡ ಜಿ.711. ಅದು ಬಂದದ್ದು 1972ರಲ್ಲಿ. ಸೆಕೆಂಡಿಗೆ 8,000 ಸಲ ದನಿಯನ್ನು ಅಳೆದು, ಪ್ರತಿ ಅಳತೆಗೆ 8 ಬಿಟ್ ಕೊಡುತ್ತೆ. ಅಂದರೆ ಸೆಕೆಂಡಿಗೆ 64 ಕಿಲೋಬಿಟ್. ಇದನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ವಿಳಾಸದ ಚೀಟಿ ಅಂಟಿಸಿ, ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತೆ. ಚೀಟಿಗಳ ತೂಕ ಎಲ್ಲ ಸೇರಿದರೂ 90 ಕಿಲೋಬಿಟ್ ದಾಟಲ್ಲ. ನೂರು ಎಂಬಿಪಿಎಸ್ ಲೈನಿನಲ್ಲಿ ಲೆಕ್ಕದ ಪ್ರಕಾರ ಸಾವಿರ ಕರೆ ಹಿಡಿಸಬೇಕು. ನಮ್ಮಲ್ಲಿ ಒಂದು ಹೊತ್ತಿಗೆ ಇದ್ದದ್ದು ಇಪ್ಪತ್ತು ಚಿಲ್ಲರೆ. ಹಾಗಿದ್ದರೂ ಕಡಿಯುತ್ತಿತ್ತು.

ಯಾಕಂದರೆ ಫೈಲ್ ಡೌನ್‌ಲೋಡ್ ಮಾಡೋದು ಲಾರಿಯಲ್ಲಿ ಅಕ್ಕಿ ಮೂಟೆ ತರೋ ಹಾಗೆ. ಹತ್ತು ನಿಮಿಷ ತಡವಾದರೂ ಅಕ್ಕಿ ಅಕ್ಕಿಯೇ. ಫೋನಿನ ಮಾತು ಮದುವೆ ಮನೆಯ ಪಂಕ್ತಿ ಊಟದ ಹಾಗೆ. ಅನ್ನದ ಹಿಂದೆಯೇ ಸಾರು ಬರಬೇಕು. ನೀವು ಮಜ್ಜಿಗೆಗೆ ಬಂದಾಗ ಸಾರು ತಂದರೆ ಎಲೆ ಮಡಚಿ ಏಳ್ತೀರಿ. ಅಡುಗೆಮನೆಯಲ್ಲಿ ಎಷ್ಟು ಕೊಳಗ ಸಾರಿತ್ತು ಅನ್ನೋದು ನಿಮಗೆ ಬೇಕಿಲ್ಲ. ಧ್ವನಿಯ ಪ್ಯಾಕೆಟ್ ಕೂಡ ಹಾಗೇ. ಎದುರಿನ ಕಡೆ ಜಿಟ್ಟರ್ ಬಫರ್ ಅಂತ ಒಂದು ಪುಟ್ಟ ಕಾಯುವ ಜಾಗ ಇರುತ್ತೆ. ಸಾಮಾನ್ಯವಾಗಿ ಕೆಲವು ಹತ್ತು ಮಿಲಿಸೆಕೆಂಡ್. ಪ್ಯಾಕೆಟ್ ಅಷ್ಟರೊಳಗೆ ಬಂದರೆ ಸರಿ, ಇಲ್ಲದಿದ್ದರೆ ಅದು ಬಂದರೂ ಎಸೆಯುತ್ತಾರೆ. ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ಅಳೆಯೋದು ಮೂಟೆಗಳನ್ನು. ಬಡಿಸುವವರು ಹೊತ್ತಿಗೆ ಬಂದರೋ ಇಲ್ಲವೋ ಅನ್ನೋದು ಅದರಲ್ಲಿ ಕಾಣಲ್ಲ.

ಆ ಮೀಟಿಂಗ್ ಆದಮೇಲೆ ನನಗೆ ಸಮಾಧಾನ ಇರಲಿಲ್ಲ. ಅವಳು ನಮ್ಮೆದುರು ಹೇಳಿದ ‘ಆಗಿಲ್ಲ’ ಕಿವಿಯಲ್ಲೇ ಉಳಿದಿತ್ತು. ಒಂದು ಹಳೇ ಕಂಪ್ಯೂಟರಿನಲ್ಲಿ ದಿನವಿಡೀ ಪಿಂಗ್ ಓಡಿಸಿ ಬಿಟ್ಟೆ. ಬೆಳಿಗ್ಗೆ ಪೂರ್ತಿ 6, 7 ಮಿಲಿಸೆಕೆಂಡ್. ಸಂಜೆ 4 ಗಂಟೆಗೆ ಸರಿಯಾಗಿ 60, 190, 410, ಮತ್ತೆ 80, ಮತ್ತೆ 380. ರಾತ್ರಿ 8ರ ಹೊತ್ತಿಗೆ ಮತ್ತೆ 6. ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ.

4 ಗಂಟೆಗೆ ಏನಾಗ್ತಿತ್ತು? ಬೆಳಗಿನ ಶಿಫ್ಟಿನವರ ಸ್ಕ್ರೀನ್ ರೆಕಾರ್ಡಿಂಗ್‌ಗಳು ಕ್ಲೌಡಿಗೆ ಅಪ್‌ಲೋಡ್ ಆಗ್ತಿದ್ದವು. ಯಾರಿಗಾಗಿ? ಕ್ವಾಲಿಟಿ ಟೀಮಿಗಾಗಿ. ನೌಕರರು ಚೆನ್ನಾಗಿ ಕೆಲಸ ಮಾಡ್ತಿದ್ದಾರಾ ಅಂತ ಪರೀಕ್ಷೆ ಮಾಡೋದಕ್ಕೆ! ನಮ್ಮ ಲೈನ್ ಕೆಳಗಿಳಿಸೋಕೆ ನೂರು, ಮೇಲೇರಿಸೋಕೆ ಇಪ್ಪತ್ತು ಮಾತ್ರ. ಆ ಇಪ್ಪತ್ತನ್ನು ವಿಡಿಯೋಗಳು ತುಂಬಿಬಿಡುತ್ತಿದ್ದವು. ರೂಟರಿನ ಕ್ಯೂ ಉದ್ದವಾಗಿ, ಅವಳ 20 ಮಿಲಿಸೆಕೆಂಡಿನ ‘ಇಲ್ಲ’ ಒಂದು ದೊಡ್ಡ ವಿಡಿಯೋ ಫೈಲಿನ ಹಿಂದೆ ನಿಂತು ಕಾಯುತ್ತಿತ್ತು.

ಇದೇನು ಹೊಸ ರೋಗ ಅಲ್ಲ. ರೂಟರುಗಳಲ್ಲಿ ಮೆಮೊರಿ ಅಗ್ಗವಾದ ಮೇಲೆ ಕಂಪನಿಗಳು ದೊಡ್ಡ ದೊಡ್ಡ ಬಫರ್ ಇಟ್ಟವು. ಒಂದೂ ಪ್ಯಾಕೆಟ್ ಬೀಳದ ಹಾಗೆ ಎಲ್ಲವನ್ನೂ ಕ್ಯೂನಲ್ಲಿ ನಿಲ್ಲಿಸಿಕೊಂಡವು. ಜಿಮ್ ಗೆಟ್ಟಿಸ್ ಅನ್ನೋ ಎಂಜಿನಿಯರ್ ತಮ್ಮ ಮನೆಯಲ್ಲೇ ಈ ತೊಂದರೆ ನೋಡಿ, 2010ರ ಸುಮಾರಿಗೆ ಇದಕ್ಕೆ ‘ಬಫರ್‌ಬ್ಲೋಟ್’ ಅಂತ ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಅನ್ನೋ ಪರಿಹಾರ ಪ್ರಕಟಿಸಿದರು. ಕ್ಯೂನಲ್ಲಿ ಎಷ್ಟು ಸಾಮಾನಿದೆ ಅಂತ ನೋಡದೆ, ಎಷ್ಟು ಹೊತ್ತು ಕಾಯುತ್ತಿದೆ ಅಂತ ನೋಡಿ ನಿಭಾಯಿಸುವ ಉಪಾಯ. ಅದರ ಮುಂದುವರಿದ ರೂಪ, ಬೇರೆ ಬೇರೆ ಹರಿವಿಗೆ ಬೇರೆ ಬೇರೆ ಸಾಲು ಮಾಡುವ ಎಫ್‌ಕ್ಯೂ-ಕೋಡೆಲ್, ಅದೇ ವರ್ಷ ಲಿನಕ್ಸ್ ಒಳಗೆ ಸೇರಿತು. ಇವತ್ತು ಎಷ್ಟೋ ರೂಟರುಗಳ ಸೆಟ್ಟಿಂಗಿನಲ್ಲಿ ಅದು ಒಂದು ಟಿಕ್ ಮಾರ್ಕು. ನಮ್ಮ ರೂಟರಿನಲ್ಲೂ ಇತ್ತು. ಟಿಕ್ ಹಾಕಿರಲಿಲ್ಲ. ಹಾಕಬೇಕಾದವನು ನಾನು.

ಇದರಲ್ಲಿ ಇನ್ನೊಂದು ಕ್ರೂರ ವಿಷಯ ಇದೆ. ಹಾಳಾಗುತ್ತಿದ್ದದ್ದು ಅಪ್‌ಲೋಡ್ ಮಾತ್ರ. ಹಾಗಾಗಿ ಕಸ್ಟಮರ್ ಮಾತು ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ತನ್ನ ಮಾತು ಆ ಕಡೆ ಕಡಿದು ಹೋಗ್ತಿದೆ ಅಂತ ತಿಳಿಯೋಕೆ ಅವಳಿಗೆ ದಾರಿಯೇ ಇರಲಿಲ್ಲ. ಲೈನ್ ಸರಿ ಇದೆ, ಆದರೂ ಜನ ನನ್ನ ಮೇಲೆ ರೇಗ್ತಾರೆ, ಅಂದರೆ ತಪ್ಪು ನನ್ನದೇ ಅಂತ ಅವಳೂ ನಂಬಿದ್ದಳು. ಮಧ್ಯಾಹ್ನ 2ರ ಶಿಫ್ಟಿನ ಎಲ್ಲರ ಅಂಕಗಳೂ ಬೆಳಗಿನ ಶಿಫ್ಟಿಗಿಂತ ಕಡಿಮೆ ಇದ್ದವು. ಆದರೆ ಆ ಶಿಫ್ಟಿಗೆ ಹಾಕುತ್ತಿದ್ದದ್ದು ಹೊಸಬರನ್ನು. ಅವರಲ್ಲಿ ಹೆಚ್ಚಿನವರು ಊರ ಕಡೆಯಿಂದ ಬಂದವರು. ‘ಹೊಸಬರು, ಹಳ್ಳಿ ಕಡೆಯವರು, ಹಾಗಾಗಿ ಅಂಕ ಕಡಿಮೆ’ ಅಂತ ಎಲ್ಲರಿಗೂ ಸರಿಯಾಗೇ ಕಂಡಿತು. ಉತ್ತರ ಮೊದಲೇ ರೆಡಿ ಇದ್ದರೆ ಲೈನ್ ಯಾರು ನೋಡ್ತಾರೆ?

ಈಗ ಕನ್ನಡದ ಮಾತಿಗೆ ಬರ್ತೀನಿ. ಯಾಕಂದರೆ ಈ ತೊಂದರೆ ಕನ್ನಡದಲ್ಲಿ ಮಾತಾಡುವವರಿಗೆ ಒಂದು ಕೈ ಹೆಚ್ಚೇ ಹೊಡೆಯುತ್ತೆ.

ನಮ್ಮ ಭಾಷೆಯಲ್ಲಿ ಹೌದೋ ಅಲ್ಲವೋ ಅನ್ನೋದು ವಾಕ್ಯದ ತುದಿಯಲ್ಲಿರುತ್ತೆ. ‘ಆಗಿದೆ’, ‘ಆಗಿಲ್ಲ’. ‘ಬರುತ್ತೆ’, ‘ಬರಲ್ಲ’. ‘ಕಳಿಸಿದೀನಿ’, ‘ಕಳಿಸಿಲ್ಲ’. ‘ಬೇಕು’, ‘ಬೇಡ’. ಮೊದಲ ಅರ್ಧ ಎರಡಕ್ಕೂ ಒಂದೇ. ತುದಿಯ ಒಂದೂವರೆ ಅಕ್ಷರದಲ್ಲಿ ಇಡೀ ವಾಕ್ಯದ ಅರ್ಥ ತಲೆಕೆಳಗಾಗುತ್ತೆ. ಜೊತೆಗೆ ವಾಕ್ಯದ ಕೊನೆಯಲ್ಲಿ ಸ್ವರ ಇಳಿಸಿ ಹೇಳೋದು ನಮಗೆ ಸಹಜ. ಎಲ್ಲರೂ ಹಾಗೇ ಮಾತಾಡ್ತೀವಿ, ಮಂಡ್ಯದವರೂ ಮಲ್ಲೇಶ್ವರದವರೂ. 20 ಮಿಲಿಸೆಕೆಂಡಿನ ಐದಾರು ತುಂಡು ಸಾಲಾಗಿ ಬಿದ್ದರೆ ಆ ‘ಇಲ್ಲ’ ಪೂರ್ತಿ ಹೋಯ್ತು. ತಮಾಷೆ ಅಂದರೆ, ಬಿದ್ದ ಜಾಗ ಖಾಲಿ ಕೇಳಿಸಲ್ಲ. ಕಡಿದದ್ದು ಗೊತ್ತಾಗದಿರಲಿ ಅಂತ ಸಾಫ್ಟ್‌ವೇರ್ ಹಿಂದಿನ ಸದ್ದನ್ನೇ ಎಳೆದು, ನಿಧಾನವಾಗಿ ಕರಗಿಸಿ ತೇಪೆ ಹಾಕುತ್ತೆ. ಒಂದು ತುಂಡು ಹೋದರೆ ತೇಪೆ ಚೆನ್ನಾಗೇ ಕೂರುತ್ತೆ. ಐದಾರು ಹೋದರೆ ‘ಆಗಿ’ ಅನ್ನೋದು ‘ಆಗಿಈ...’ ಆಗಿ ಆರಿಹೋಗುತ್ತೆ. ಕೇಳುವವರಿಗೆ ಅದು ಲೈನ್ ಕಡಿದ ಹಾಗಲ್ಲ, ಮಾತಾಡುವವರು ನುಂಗಿದ ಹಾಗೇ ಕೇಳಿಸೋದು. ಷರಾ ಬರೆದವರ ಕಿವಿ ಸರಿಯಾಗೇ ಇತ್ತು. ಕಾರಣ ಮಾತ್ರ ತಪ್ಪು ಹಿಡಿದರು.

ಇನ್ನು ಆ ಹಕಾರದ ಕಥೆ. ‘ಹಾಲು’ ಅಂದಾಗ ಮೊದಲು ಬರೋದು ಬರೀ ಉಸಿರು. ಬಹಳ ದುರ್ಬಲ ಸದ್ದು. ಎಷ್ಟೋ ಫೋನ್ ವ್ಯವಸ್ಥೆಗಳಲ್ಲಿ ಮಾತಿಲ್ಲದಾಗ ಪ್ಯಾಕೆಟ್ ಉಳಿಸೋಕೆ ಮೌನ ಪತ್ತೆ ಮಾಡುವ ಒಂದು ಸೌಲಭ್ಯ ಇರುತ್ತೆ. ಅದರ ಮೇಲೆ ಗದ್ದಲ ಅಳಿಸುವ ಸಾಫ್ಟ್‌ವೇರ್ ಬೇರೆ. ಇವೆರಡೂ ‘ಮಾತು ಶುರುವಾಯ್ತು’ ಅಂತ ತೀರ್ಮಾನ ಮಾಡುವಷ್ಟರಲ್ಲಿ ‘ಹ್’ ಮುಗಿದಿರುತ್ತೆ. ಆ ಕಡೆ ಕೇಳೋದು ‘ಆಲು’.

ಕನ್ನಡದಲ್ಲಿ ಅಕಾರ ಹಕಾರ, ಸಕಾರ ಶಕಾರ ಬರೀ ಅಕ್ಷರಗಳಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಯಾವ ಊರು, ಯಾವ ಜನ, ಯಾವ ಸ್ಕೂಲು ಅಂತ ಲೆಕ್ಕ ಹಾಕೋಕೆ ನಾವು ಇಟ್ಟುಕೊಂಡಿರೋ ತಕ್ಕಡಿ ಅದು. ಹಳೇ ಫೋನ್ ಮಾನದಂಡ ಸಾಗಿಸೋದು ಸುಮಾರು 300ರಿಂದ 3,400 ಹರ್ಟ್ಸ್ ತನಕದ ದನಿ ಮಾತ್ರ. ಸಕಾರದ ಬಲ ಹೆಚ್ಚಾಗಿ ಇರೋದು 4,000 ಹರ್ಟ್ಸ್‌ನ ಮೇಲೆ. ಅಂದರೆ ಫೋನಿನಲ್ಲಿ ಯಾರ ಸಕಾರವೂ ಪೂರ್ತಿ ಬರಲ್ಲ. ಹೆಸರು ಹೇಳುವಾಗ ‘ಎಸ್ ಫಾರ್ ಸುಗರ್, ಎಫ್ ಫಾರ್ ಫಾದರ್’ ಅಂತ ಎಲ್ಲರೂ ಒದ್ದಾಡೋದು ಅದಕ್ಕೇ. ಫೋನು ಎಲ್ಲರಿಂದಲೂ ಅಷ್ಟೇ ಕಿತ್ತುಕೊಳ್ಳುತ್ತೆ. ಆದರೆ ಬಸವನಗುಡಿಯ ಹುಡುಗನ ಸಕಾರ ಕೇಳದಿದ್ದರೆ ‘ಲೈನ್ ಸರಿ ಇಲ್ಲ’ ಅಂತೀವಿ. ಮಂಡ್ಯದ ಹುಡುಗಿಯ ಹಕಾರ ಕೇಳದಿದ್ದರೆ ‘ಉಚ್ಚಾರಣೆ ಸರಿ ಇಲ್ಲ’ ಅಂತ ಬರೀತೀವಿ. ಬಿಟ್ಟ ಜಾಗವನ್ನು ನಮ್ಮ ತಲೆಯೊಳಗಿರೋದರಿಂದಲೇ ತುಂಬಿಸಿಕೊಳ್ತೀವಿ.

ಅವಳು ನಿಜವಾಗಿಯೂ ‘ಆಲು’ ಅಂತಲೇ ಹೇಳಿದ್ದಳು ಅಂತ ಇಟ್ಟುಕೊಳ್ಳಿ. ಆಗ ಏನಾಗಬೇಕಿತ್ತು? ಆ ಕಡೆ ಕರೆ ಮಾಡಿದವರೂ ಕರ್ನಾಟಕದವರೇ. ಅವರಿಗೆ ಅರ್ಥವಾಗದ ಕನ್ನಡವೇನೂ ಅಲ್ಲ ಅದು. ರಿಫಂಡ್ ಆಗಿದೆಯೋ ಇಲ್ಲವೋ ಅಂತ ತಿಳಿಯೋದಷ್ಟೇ ಅವರಿಗೆ ಬೇಕಿತ್ತು. ಅದನ್ನು ತಿಳಿಸದೆ ಹೋದದ್ದು ನಮ್ಮ ರೂಟರು.

ಕೆಟ್ಟ ಆಡಿಯೋ ಮನುಷ್ಯರ ಬಗ್ಗೆಯೇ ಅಭಿಪ್ರಾಯ ಕೆಡಿಸುತ್ತೆ ಅನ್ನೋದು ನನ್ನೊಬ್ಬನ ಊಹೆ ಅಲ್ಲ. 2018ರಲ್ಲಿ ಎರಿನ್ ನ್ಯೂಮನ್ ಮತ್ತು ನಾರ್ಬರ್ಟ್ ಶ್ವಾರ್ಜ್ ಅನ್ನೋ ಸಂಶೋಧಕರು ವಿಜ್ಞಾನಿಗಳ ಭಾಷಣ, ರೇಡಿಯೋ ಸಂದರ್ಶನಗಳನ್ನು ತಗೊಂಡು ಕೆಲವರಿಗೆ ಒಳ್ಳೇ ಆಡಿಯೋದಲ್ಲಿ, ಕೆಲವರಿಗೆ ಕೆಟ್ಟ ಆಡಿಯೋದಲ್ಲಿ ಕೇಳಿಸಿದರು. ಮಾತು ಅದೇ, ಮನುಷ್ಯ ಅವನೇ. ಆದರೆ ಕೆಟ್ಟ ಆಡಿಯೋ ಕೇಳಿದವರು ಭಾಷಣಕಾರರನ್ನು ಕಡಿಮೆ ಬುದ್ಧಿವಂತರು ಅಂದರು, ಅವರ ಸಂಶೋಧನೆಯೂ ಅಷ್ಟು ಮುಖ್ಯ ಅಲ್ಲ ಅಂದರು. ವಿಜ್ಞಾನಿಗಳಿಗೇ ಹೀಗಾದರೆ ಎಂಟು ತಿಂಗಳ ಅನುಭವದ ಹುಡುಗಿಗೆ ಏನಾಗುತ್ತೆ ಅಂತ ನೀವೇ ಯೋಚಿಸಿ.

ಮಾತು ತಡವಾಗಿ ತಲುಪಿದರೂ ಇದೇ ಗತಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ತಲುಪೋಕೆ 150 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೇದು ಅನ್ನೋದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅದಕ್ಕಿಂತ ಹೆಚ್ಚಾದಷ್ಟೂ ಇಬ್ಬರೂ ಒಟ್ಟಿಗೆ ಬಾಯಿ ತೆರೀತಾರೆ, ಇಬ್ಬರೂ ನಿಲ್ಲಿಸ್ತಾರೆ, ಮತ್ತೆ ಒಟ್ಟಿಗೆ ಶುರು ಮಾಡ್ತಾರೆ. ಷರಾ: ‘ಮಧ್ಯೆ ಬಾಯಿ ಹಾಕುತ್ತಾರೆ’, ಇಲ್ಲಾ ‘ಉತ್ತರಿಸಲು ತಡ ಮಾಡುತ್ತಾರೆ’. ಫೈಬರಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಮಾಡುವ ಕರೆ ಹುಬ್ಬಳ್ಳಿಗೇ ಹೋದರೆ ಎರಡು ಮೂರು ಮಿಲಿಸೆಕೆಂಡಿನ ದಾರಿ. ಆದರೆ ಕ್ಲೌಡ್ ಫೋನ್ ಹಾಕಿಸುವಾಗ ಯಾರೋ ಸರ್ವರಿನ ಜಾಗ ಬದಲಿಸದೆ ಅಮೆರಿಕದ ವರ್ಜೀನಿಯಾಕ್ಕೆ ಬಿಟ್ಟಿದ್ದರೆ, ಅದೇ ಮಾತು ಅಲ್ಲಿಗೆ ಹೋಗಿ ವಾಪಸ್ ಬರಬೇಕು. ಬೆಳಕು ಓಡುವ ಹೊತ್ತೇ 130 ಮಿಲಿಸೆಕೆಂಡ್ ದಾಟುತ್ತೆ. ಉಳಿದ ಕೆಲಸಕ್ಕೆಲ್ಲ ಉಳಿಯೋದು ಚಿಲ್ಲರೆ. ಮೆನುವಿನಲ್ಲಿ ‘ಮುಂಬೈ’ ಅಂತ ಆರಿಸಿದರೆ ಮುಗೀತು. ಆ ಮೆನು ತೆರೆದು ನೋಡಿದವರು ನಿಮ್ಮ ಆಫೀಸಿನಲ್ಲಿ ಎಷ್ಟು ಜನ?

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಬಾಯಿಪಾಠ. ಒಂದು ಕಾಲಕ್ಕೆ ನಾನೇ ಹೇಳುತ್ತಿದ್ದೆ.

‘ಇಂಟರ್‌ನೆಟ್ ನಮ್ಮ ಕೈಲಿಲ್ಲ, ನಾವೇನು ಮಾಡೋಕಾಗುತ್ತೆ?’ ಅರ್ಧ ಸತ್ಯ. ಧ್ವನಿಯ ಪ್ಯಾಕೆಟ್ಟಿಗೆ ‘ತುರ್ತು’ ಅನ್ನೋ ಗುರುತು ಹಾಕಬಹುದು. ಆದರೆ ನಮ್ಮ ಗೇಟು ದಾಟಿದ ಮೇಲೆ ಹೊರಗಿನ ಇಂಟರ್‌ನೆಟ್ ಆ ಗುರುತಿಗೆ ಬೆಲೆ ಕೊಡುತ್ತೆ ಅನ್ನೋ ಭರವಸೆ ಇಲ್ಲ. ಒಪ್ಪಿದೆ. ಆದರೆ ನಾನು ನೋಡಿದ ಜಾಮ್‌ಗಳಲ್ಲಿ ಹೆಚ್ಚಿನವು ಗೇಟಿನ ಹೊರಗೆ ಆದದ್ದಲ್ಲ. ಆಫೀಸಿನ ರೂಟರಿನಲ್ಲಿ, ಪ್ಯಾಂಟ್ರಿ ಮೈಕ್ರೋವೇವ್ ಪಕ್ಕದ 2.4 ಗಿಗಾಹರ್ಟ್ಸ್ ವೈಫೈನಲ್ಲಿ ಆದದ್ದು. ಆಂಬುಲೆನ್ಸ್ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡರೆ ಟ್ರಾಫಿಕ್ ಬೈಯಿರಿ. ಆಸ್ಪತ್ರೆ ಬಾಗಿಲಲ್ಲೇ ನೀವು ಕಾರು ಅಡ್ಡ ನಿಲ್ಲಿಸಿದ್ದರೆ ಯಾರನ್ನು ಬೈತೀರಿ?

‘ಒಳ್ಳೇ ಕೋಡೆಕ್ ಹಾಕಿದರೆ ಸರಿ ಹೋಗುತ್ತೆ.’ ಇದೂ ಅರ್ಧ. ಕೋಡೆಕ್ ಅಂದರೆ ದನಿಯನ್ನು ಅಂಕಿಗಳಾಗಿ ಮಡಚಿಡುವ ವಿಧಾನ. 1988ರಿಂದಲೂ ಇರುವ ಜಿ.722 ಅಷ್ಟೇ 64 ಕಿಲೋಬಿಟ್ಟಿನಲ್ಲಿ 7,000 ಹರ್ಟ್ಸ್ ತನಕ ದನಿ ಕೊಡುತ್ತೆ. 2012ರಲ್ಲಿ ಮಾನದಂಡವಾದ ಓಪಸ್ ಇನ್ನೂ ಮೇಲೆ ಹೋಗುತ್ತೆ, ಅದಕ್ಕೆ ಲೈಸೆನ್ಸ್ ಫೀಸೂ ಇಲ್ಲ. ಆಫೀಸಿನ ಒಳಗಿನ ಕರೆಗಳಿಗೆ, ಬ್ರೌಸರ್ ಮೀಟಿಂಗ್‌ಗಳಿಗೆ ಇವು ಇರಲೇಬೇಕು. ಆದರೆ ಕಸ್ಟಮರ್ ಮೊಬೈಲಿಗೆ ಹೋಗುವ ಕರೆ ದಾರಿಯಲ್ಲಿ ಹಳೇ ಫೋನ್ ಜಾಲಕ್ಕೆ ಇಳಿದರೆ, ಅಲ್ಲಿ ಮತ್ತೆ ಅದೇ 3,400 ಹರ್ಟ್ಸ್. ಅಂಥ ಕಡೆ ಮಾಡಬೇಕಾದ್ದು ಬೇರೆ. ಜಾಗ ಉಳಿಸೋ ಆಸೆಗೆ 8 ಕಿಲೋಬಿಟ್ಟಿನ ಜಿ.729ಕ್ಕೆ ಹಿಂಡಿ, ದಾರಿಯಲ್ಲಿ ಬಿಚ್ಚಿ, ಮತ್ತೆ ಹಿಂಡೋದನ್ನು ನಿಲ್ಲಿಸಬೇಕು. ಲೈನ್ ದುಬಾರಿ ಇದ್ದ ಕಾಲಕ್ಕೆ ಆ ಹಿಂಡುವಿಕೆಗೆ ಅರ್ಥ ಇತ್ತು. ಇವತ್ತು ನೂರು ಎಂಬಿಪಿಎಸ್ ಇಟ್ಟುಕೊಂಡು ಮಾತಿಗೆ 8 ಕಿಲೋಬಿಟ್ ಕೊಡೋದು, ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಅಜ್ಜಿಗೆ ಮೆಟ್ಟಿಲ ಕೆಳಗೆ ಜಾಗ ಕೊಟ್ಟ ಹಾಗೆ.

‘ಈಗ ಎಐ ಬಂದಿದೆ, ಗದ್ದಲ ಅಳಿಸುತ್ತೆ, ಆಕ್ಸೆಂಟನ್ನೇ ಬದಲಿಸುತ್ತೆ.’ ಹೌದು, ಮಾತಾಡುತ್ತಿದ್ದ ಹಾಗೇ ಉಚ್ಚಾರಣೆ ಬದಲಿಸಿ ಆ ಕಡೆ ಕೇಳಿಸುವ ಸಾಫ್ಟ್‌ವೇರ್‌ಗಳು ಮಾರಾಟಕ್ಕಿವೆ. ಗದ್ದಲ ಅಳಿಸೋದರ ಬಗ್ಗೆ ನನಗೆ ತಕರಾರಿಲ್ಲ, ಹದವಾಗಿ ಬಳಸಿದರೆ ಉಪಯೋಗ ಇದೆ. ಆದರೆ ಎಐ ಸಂಸ್ಕರಿಸಿ ಕೊಟ್ಟ ದನಿಯೂ ಅದೇ ಕ್ಯೂನಲ್ಲೇ ನಿಲ್ಲಬೇಕು. ಸಾಲದ್ದಕ್ಕೆ ತನ್ನದೂ ಒಂದಿಷ್ಟು ತಡ ಸೇರಿಸುತ್ತೆ. ರೂಟರಿನಲ್ಲಿ ಒಂದು ಟಿಕ್ ಹಾಕೋಕೆ ಪುರುಸೊತ್ತಿಲ್ಲದವರು, ಮನುಷ್ಯರ ನಾಲಿಗೆ ಬದಲಿಸೋಕೆ ತಿಂಗಳು ತಿಂಗಳು ದುಡ್ಡು ಕಟ್ಟೋಕೆ ತಯಾರಿದ್ದಾರೆ. ನನಗೆ ಸಿಟ್ಟು ಬರೋದು ಇಲ್ಲೇ.

‘ಮನೆಯಿಂದ ಕೆಲಸ ಮಾಡುವವರ ನೆಟ್ ಅವರ ಜವಾಬ್ದಾರಿ.’ 2020ರಿಂದ ಇದು ಎಷ್ಟೋ ಆಫರ್ ಲೆಟರುಗಳ ಒಂದು ಸಾಲು. ಸರಿ, ಹಾಗಾದರೆ ಅವರಿಗೆ ಹತ್ತು ಮೀಟರ್ ಲ್ಯಾನ್ ಕೇಬಲ್ಲು, ಒಂದು ವೈರ್ ಇರುವ ಯುಎಸ್‌ಬಿ ಹೆಡ್‌ಸೆಟ್ಟು ಕಳಿಸಿದ್ದೀರಾ? ಲ್ಯಾಪ್‌ಟಾಪಿನ ಜೊತೆ ಟೀ ಶರ್ಟು, ಮಗ್ಗು, ಸ್ಟಿಕ್ಕರು ಕಳಿಸ್ತೀರಲ್ಲ, ಅದರ ಪಕ್ಕ ಇವಕ್ಕೂ ಜಾಗ ಇರುತ್ತೆ.

ನಾವೂ ಏನು ಸಾಚಾ ಅಲ್ಲ ಬಿಡಿ. ಹತ್ತು ಹದಿನೈದು ಸಾವಿರದ ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಕೆಫೆಯಿಂದ ಸ್ಟ್ಯಾಂಡಪ್ ಸೇರುವವರು ನಾವೇ. ಸಾಮಾನ್ಯ ಬ್ಲೂಟೂತ್‌ನಲ್ಲಿ ಹಾಡು ಕೇಳೋಕೆ ಒಂದು ವಿಧಾನ, ಮೈಕ್ ಬಳಸೋಕೆ ಬೇರೆ ವಿಧಾನ. ಮೈಕ್ ತೆರೆದ ಕೂಡಲೇ ಅದು ಕರೆಯ ವಿಧಾನಕ್ಕೆ ಇಳಿಯುತ್ತೆ. ಚೆನ್ನಾಗಿದ್ದರೆ ಸೆಕೆಂಡಿಗೆ 16,000 ಅಳತೆ, ಇಲ್ಲದಿದ್ದರೆ ಅದೇ 8,000. ಹಾಡು ಚೆನ್ನಾಗಿ ಕೇಳ್ತಿದ್ದ ಕಿವಿಗೆ ಎಲ್ಲ ಡಬ್ಬದೊಳಗಿಂದ ಬಂದ ಹಾಗೆ ಕೇಳಿಸೋದು ಅದಕ್ಕೇ. ನಿಮ್ಮ ದನಿಯೂ ಆ ಕಡೆಯವರಿಗೆ ಹಾಗೇ ಕೇಳಿಸ್ತಿರುತ್ತೆ. ನಾವು ಸೀನಿಯರುಗಳು, ನಮಗೆ ‘ಸಾರಿ, ಇನ್ನೊಂದ್ಸಲ ಹೇಳ್ತೀರಾ’ ಅಂತಾರೆ. ಜೂನಿಯರುಗಳಿಗೆ ಅಂಕ ಕಡಿಮೆ ಮಾಡ್ತಾರೆ.

ಹಾಗಾದರೆ ಕೊನೆಗೆ ನಾನು ಏನು ಮಾಡಿದೆ? ದೊಡ್ಡದೇನೂ ಅಲ್ಲ. ಅಪ್‌ಲೋಡನ್ನು ರಾತ್ರಿ 11ಕ್ಕೆ ಸರಿಸಿದೆ. ರೂಟರಿನಲ್ಲಿ ಆ ಟಿಕ್ ಹಾಕಿ, ಅಪ್‌ಲೋಡ್ ಮಿತಿಯನ್ನು ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗೆ ಇಟ್ಟೆ. ಫೋನ್ ಸೀಟುಗಳನ್ನು ವೈಫೈಯಿಂದ ಬಿಡಿಸಿ ತಂತಿಗೆ ಹಾಕಿದೆ. ಮೌನ ಪತ್ತೆ ಮಾಡುವ ಸೌಲಭ್ಯ ಆಫ್ ಮಾಡಿದೆ. ಒಂದು ಶನಿವಾರದ ಕೆಲಸ. ಕೇಬಲ್ಲಿಗೆ ಆದ ಖರ್ಚು ಟ್ರೈನರ್ ಒಂದು ದಿನ ಬಂದು ಹೋಗೋದಕ್ಕಿಂತ ಕಡಿಮೆ. ಮುಂದಿನ ತಿಂಗಳು ಮಧ್ಯಾಹ್ನದ ಶಿಫ್ಟಿನ ಅಂಕಗಳು ಬೆಳಗಿನವರ ಹತ್ತಿರಕ್ಕೆ ಬಂದವು. ಟ್ರೈನಿಂಗ್ ಕೆಲಸ ಮಾಡಿತು ಅಂತ ಕ್ವಾಲಿಟಿ ಟೀಮಿನವರು ಮೇಲ್ ಹಾಕಿದರು.

ನಾನು ಅದಕ್ಕೆ ಉತ್ತರ ಬರೆದೆ, ಪಿಂಗ್ ಗ್ರಾಫುಗಳ ಸಮೇತ. ಆ ಹುಡುಗಿಯ ಹಾಳೆಯ ಷರಾ ತಿದ್ದಿ ಅಂತಲೂ ಕೇಳಿದೆ. ‘ಕೆಲಸ ಬಿಟ್ಟವರ ರೆಕಾರ್ಡ್ ತೆರೆಯೋಕಾಗಲ್ಲ’ ಅನ್ನೋ ಉತ್ತರ ಬಂತು. ಅವಳಿಗೆ ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪರವಾಗಿಲ್ಲ ಸರ್. ಆಮೇಲೆ ನಾನು ಇಂಟರ್‌ವ್ಯೂಗಳಲ್ಲಿ ಕಡಿಮೆ ಮಾತಾಡೋದು ಕಲಿತೆ’ ಅಂದಳು. ಇದಕ್ಕೆ ಏನು ಹೇಳಬೇಕು ಅಂತ ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ನನ್ನ ಬೇಡಿಕೆ ಒಂದೇ. ಇಂಟರ್‌ನೆಟ್ ಫೋನುಗಳು ಕರೆ ನಡೆಯುವಾಗ ಎಷ್ಟು ಪ್ಯಾಕೆಟ್ ಬಿದ್ದವು, ಎಷ್ಟು ಏರುಪೇರಾಯ್ತು ಅನ್ನೋ ವರದಿಯನ್ನು ತಾವೇ ಒಂದಕ್ಕೊಂದು ಕಳಿಸಿಕೊಳ್ಳುತ್ತವೆ. ಆರ್‌ಟಿಸಿಪಿ ಅಂತ ಅದರ ಹೆಸರು. ಅದನ್ನು ಕರೆಯ ದಾಖಲೆಯ ಜೊತೆ ಇಟ್ಟುಕೊಳ್ಳುವ ಸೌಲಭ್ಯ ಈಗಿನ ಎಷ್ಟೋ ವ್ಯವಸ್ಥೆಗಳಲ್ಲಿ ಇದೆ. ತೆರೆದು ನೋಡುವವರಿಲ್ಲ, ಅಷ್ಟೇ. ಅಪ್ರೈಸಲ್ ಹಾಳೆಯಲ್ಲಿ ಕಮ್ಯುನಿಕೇಶನ್ ಅಂಕದ ಪಕ್ಕ ಇನ್ನೊಂದು ಕಾಲಂ ಹಾಕಿ: ಆ ಕರೆಯಲ್ಲಿ ಬಿದ್ದ ಪ್ಯಾಕೆಟ್ ಶೇಕಡಾ ಎಷ್ಟು, ಜಿಟ್ಟರ್ ಎಷ್ಟು ಮಿಲಿಸೆಕೆಂಡ್. ಆ ಕಾಲಂ ಖಾಲಿ ಇದ್ದರೆ ಅಂಕದ ಕಾಲಮ್ಮೂ ಖಾಲಿ ಇರಲಿ.

ನೀವು ಟೀಮ್ ಲೀಡ್ ಆಗಿದ್ದರೆ ನಾಳೆ ಆಫೀಸಿನಲ್ಲಿ ಇದನ್ನು ಕೇಳಿ. ನೀವು ಅಂಕ ಹಾಕಿಸಿಕೊಳ್ಳುವವರಾಗಿದ್ದರೆ ಇನ್ನೂ ಜೋರಾಗಿ ಕೇಳಿ. ಮೇಲ್‌ನಲ್ಲಿ ಕೇಳಿ. ಅದು ಮಧ್ಯದಲ್ಲಿ ಕಡಿಯಲ್ಲ.